ಹೀರೆಬಳ್ಳಿಯ ವ್ಯಾಕರಣ

ಕೆಲವರಿಗೆ ಶನಿ ಹೆಗಲೇರುತ್ತಾನಂತೆ. ನನ್ನ ಹೆಗಲೇರಿದ್ದು ಹೀರೆಬಳ್ಳಿ. ಇಳಿಸಿದಷ್ಟೂ ಮತ್ತೆ ಹಬ್ಬುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿನ ಕಾಲೇಜೊಂದರಲ್ಲಿ ಗಣಿತ ಪಾಠ ಹೇಳುತ್ತಾ ಡಾಕ್ಟರೇಟಿಗೆ ಕೂತಿದ್ದೆ. ಬಳ್ಳಿಯ ಒಂದೊಂದು ಗಿಣ್ಣಿಗೂ ಒಂದೊಂದು ಅಕ್ಷರ ಕೊಡುವುದು, ಯಾವ ಅಕ್ಷರ ಬೆಳೆದು ಏನಾಗುತ್ತದೆ ಎಂದು ಕಂಪ್ಯೂಟರಿಗೆ ನಿಯಮ ಬರೆಯುವುದು, ಇಷ್ಟೇ ನನ್ನ ಕೆಲಸ. ನಿಯಮ ಸರಿಯಿದ್ದರೆ ಮುಂದಿನ ಕವಲು, ಮುಂದಿನ ಕಾಯಿ ಎಲ್ಲಿ ಬರುತ್ತದೆಂದು ಕಾಗದದ ಮೇಲೇ ಹೇಳಬಹುದು. ಡಾಕ್ಟರೇಟ್ ಬರದಿದ್ದರೆ ನೌಕರಿ ಖಾಯಂ ಇಲ್ಲ ಎಂದು ಕಾಲೇಜಿನವರು ಮೊದಲೇ ಹೇಳಿದ್ದರು. ಈ ನಿಯಮಗಳ ಕಟ್ಟಿಗೆ ಇಂಗ್ಲಿಷಿನಲ್ಲಿ ಗ್ರಾಮರ್ ಅನ್ನುತ್ತಾರೆ. ಅದನ್ನು ನಾನು ಕನ್ನಡದಲ್ಲಿ ಹೇಳಬಾರದಿತ್ತು.

ಕಡೂರಿನಲ್ಲಿ ಸಂಧಿ

ಪ್ರಿನ್ಸಿಪಾಲರು ಕರೆಸಿ ಕೇಳಿದರು, "ಏನ್ರೀ ಅದು ನಿಮ್ಮ ರಿಸರ್ಚು?"

"ಹೀರೆಬಳ್ಳಿಗೆ ವ್ಯಾಕರಣ ಬರೀತಿದೀನಿ ಸಾರ್."

"ವ್ಯಾಕರಣ ಬರುತ್ತಾ ನಿಮಗೆ?" ಅವರ ಮುಖ ಅರಳಿತು. "ನಮ್ಮ ಕನ್ನಡ ಮೇಷ್ಟ್ರು ರಜ ಹಾಕಿ ಹೋಗ್ಬಿಟ್ಟಿದಾರೆ ಕಣ್ರೀ. ನಾಳೆಯಿಂದ ಆ ಪೀರಿಯಡ್ಡೂ ನಿಮ್ದೇ."

"ಇದು ಬೇರೆ ವ್ಯಾಕರಣ ಸಾರ್."

"ಹೀರೆಕಾಯಿಗೇ ಕಲಿಸೋರು ಹುಡುಗರಿಗೆ ಕಲಿಸೋಕಾಗಲ್ವಾ?"

ವರ್ಷವಿಡೀ ಸಂಧಿ ಹೇಳಿಕೊಟ್ಟೆ. ಇದ್ದದ್ದು ಬಿಟ್ಟುಹೋದರೆ ಲೋಪ, ಇಲ್ಲದ್ದು ನಡುವೆ ಬಂದರೆ ಆಗಮ, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ನನ್ನ ತಲೆಗೂದಲಿನಲ್ಲಿ ಲೋಪಸಂಧಿ ಶುರುವಾದದ್ದು ಆ ವರ್ಷವೇ.

ತರೀಕೆರೆಯಲ್ಲಿ ತಾಯಿತ

ಬಾಡಿಗೆಮನೆ ತರೀಕೆರೆಯಲ್ಲಿತ್ತು. ಹಿತ್ತಲಿನ ಹೀರೆಬಳ್ಳಿಯ ಗಿಣ್ಣು ಗಿಣ್ಣಿಗೂ ಅಕ್ಷರ ಬರೆದ ಚೀಟಿಗಳನ್ನು ದಾರದಲ್ಲಿ ಕಟ್ಟಿದ್ದೆ. ಹಿಂದಿನ ಮನೆಯವನು ಬೇಲಿಯಾಚೆಯಿಂದ ಕೈಮುಗಿದ.

"ಸ್ವಾಮೀ, ನಮ್ ಕುಂಬಳ ಬರೀ ಹೂ ಬುಟ್ಟು ಉದುರಿಸ್ತದೆ. ಅದಕ್ಕೂ ಒಂದು ಕಟ್ಕೊಡಿ."

"ಇದು ಮಂತ್ರ ಅಲ್ಲಪ್ಪಾ, ಲೆಕ್ಕ."

"ಆಯ್ತು ಬುಡಿ, ಯಾರ ಹತ್ರನೂ ಬಾಯಿ ಬಿಡಕ್ಕಿಲ್ಲ" ಎಂದು ಕಣ್ಣು ಮಿಟುಕಿಸಿದ.

ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಸಂಶೋಧನೆಯೆಲ್ಲ ಬೀದಿಯ ಕುಂಬಳಬಳ್ಳಿಗಳ ಕೊರಳಲ್ಲಿ ನೇತಾಡುತ್ತಿತ್ತು. ಸಿಟ್ಟೂ ಬಂತು, ಅಳುವೂ ಬಂತು. ಆ ವರ್ಷ ಬೀದಿಯ ಕುಂಬಳಗಳೆಲ್ಲ ಭರ್ಜರಿಯಾಗಿ ಕಾಯಿ ಬಿಟ್ಟವು. ನನ್ನ ಹೀರೆ ಮಾತ್ರ ಒಣಗಿತು.

ಬಸ್ಸಿನಲ್ಲಿ ತೂತು

ಆಗ ನಿಯಮಗಳನ್ನು ಕಾರ್ಡುಗಳಲ್ಲಿ ತೂತು ಹೊಡೆದು ಬೆಂಗಳೂರಿನ ಕಂಪ್ಯೂಟರಿಗೆ ಕೊಡಬೇಕಿತ್ತು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಕಾರ್ಡಿನ ಡಬ್ಬಿ ತೆಗೆದು ನೋಡಿ ಹೌಹಾರಿದ.

"ಏನ್ರೀ ಇಷ್ಟೊಂದು ಟಿಕೆಟ್ಟು? ಎಲ್ಲಾ ಪಂಚ್ ಆಗೋಗಿದಾವಲ್ರೀ!"

"ಟಿಕೆಟ್ಟಲ್ಲ ಮಾರಾಯ. ಈ ತೂತು ನೋಡಿಕೊಂಡು ಕಂಪ್ಯೂಟರು ಬಳ್ಳಿ ಬೆಳೆಸುತ್ತೆ."

ಅವನು ತನ್ನ ಪಂಚ್ ತೆಗೆದು ಮೇಲಿನ ಕಾರ್ಡಿಗೆ ಟಕ್ಕೆಂದು ಒತ್ತಿಯೇಬಿಟ್ಟ. "ನಮ್ದೂ ಒಂದಿರ್ಲಿ. ಏನ್ ಬೆಳೀತದೋ ನೋಡಾನ."

ಕಂಪ್ಯೂಟರು ಕಾಗದ ಮುಗಿಯುವವರೆಗೂ ಒಂದೇ ಗಿಣ್ಣನ್ನು ಅಚ್ಚು ಹಾಕಿತು. ಎಲೆಯಿಲ್ಲ, ಹೂವಿಲ್ಲ, ಕಾಯಿಯಿಲ್ಲ. ನನ್ನ ಬಾಳಿನ ಚಿತ್ರವನ್ನು ಅಷ್ಟು ನಿಖರವಾಗಿ ಬೇರೆ ಯಾರೂ ತೆಗೆದುಕೊಟ್ಟಿಲ್ಲ.

ಅಜ್ಜಂಪುರದಲ್ಲಿ ಆದೇಶ

ಉಳಿದದ್ದು ಅಜ್ಜಂಪುರದ ನನ್ನ ಅತ್ತೆಯ ಹಿತ್ತಲಿನ ಬಳ್ಳಿಯೊಂದೇ. ಕಾರ್ಡು ತಿದ್ದಿಸಿ ಹೊಸ ಚಿತ್ರ ತೆಗೆಸಿದ್ದೆ. ಪರೀಕ್ಷಕರು ಖುದ್ದಾಗಿ ಬಂದು ಚಿತ್ರಕ್ಕೂ ಬಳ್ಳಿಗೂ ತಾಳೆ ನೋಡುವವರಿದ್ದರು. ತಾಳೆಯಾದರೆ ಡಾಕ್ಟರೇಟು, ಇಲ್ಲದಿದ್ದರೆ ಇಲ್ಲ. ಹಿಂದಿನ ವಾರವೇ ಅತ್ತೆಗೆ ಚಿತ್ರ ಕೊಟ್ಟು ಬಿಡಿಸಿ ಹೇಳಿದ್ದೆ: "ಇಲ್ಲಿ ಕವಲು ಬರಬೇಕು, ಇಲ್ಲಿ ಕಾಯಿ ಬರಬೇಕು. ನನ್ನ ನೌಕರಿಯೆಲ್ಲಾ ಇದರ ಮೇಲೇ ನಿಂತಿದೆ."

ಪರೀಕ್ಷಕರು ಕನ್ನಡಕ ಏರಿಸಿ ಬಳ್ಳಿಯ ಮುಂದೆ ನಿಂತರು. ನಾನು ಕಣ್ಣು ಮುಚ್ಚಿಕೊಂಡೆ.

"ಭೇಷ್! ಹೇಳಿದ ಜಾಗದಲ್ಲೇ ಕವಲು. ಹೇಳಿದ ಜಾಗದಲ್ಲೇ ಕಾಯಿ!" ಎಂದರು.

ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಮೆಚ್ಚಿಕೊಂಡು ಕಾಯಿಯನ್ನು ಮುಟ್ಟಿದರು. ಕಾಯಿ, ಕವಲು, ದಾರದ ಸಮೇತ ಕೈಗೇ ಬಂತು. ಅವರು ಅದನ್ನು ತಿರುಗಿಸಿ ನೋಡಿದರು.

"ಇದು ಸೋರೆಕಾಯಿ ಅಲ್ಲವೇನ್ರೀ?"

ಅತ್ತೆ ಮುಂದೆ ಬಂದರು. "ಬರ್ಬೇಕು ಅಂದಿದ್ರಲ್ಲಾ ಅಳಿಯಂದ್ರು, ಕಾದೆ ಕಾದೆ, ಬರ್ಲೇ ಇಲ್ಲ. ಪಕ್ಕದ್ಮನೆಯಿಂದ ತಂದು ಕಟ್ದೆ. ಅವ್ರ ಮನೇಲಿ ಹೀರೆ ಇರ್ಲಿಲ್ಲ, ಸೋರೆ ಇತ್ತು."

ಪರೀಕ್ಷಕರು ನನ್ನನ್ನೇ ನೋಡಿದರು. ವರ್ಷವಿಡೀ ಕನ್ನಡ ಪಾಠ ಹೇಳಿದ ಬಾಯಿ, ತಡೆಯುವ ಮೊದಲೇ ಅಂದುಬಿಟ್ಟಿತು:

"ಆದೇಶಸಂಧಿ ಸಾರ್."

ಅವರು ಸೋರೆಕಾಯಿಯನ್ನು ನನ್ನ ಕೈಗಿಟ್ಟು ಮುಂದಿನ ಬಸ್ಸಿಗೇ ಹೊರಟುಹೋದರು. ನಾನು ಅದನ್ನು ಹಿಡಿದುಕೊಂಡೇ ಜಗಲಿಯ ಮೇಲೆ ಕುಸಿದೆ. ಎಲ್ಲವೂ ಮುಗಿದುಹೋಗಿತ್ತು. ಅತ್ತೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು.

"ಹಂಗಾರೆ ಆ ಡಾಕ್ಟ್ರು ಪದವಿ ಬರಕ್ಕಿಲ್ವಾ?"

"ಬರಬೇಕಿತ್ತು ಅತ್ತೆ" ಅಂದೆ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ನೀವು ಸುಮ್ನಿರಿ. ಪಕ್ಕದ್ಮನೇಲಿ ಕೇಳ್ಕಂಡು ಬತ್ತೀನಿ."