ನಮ್ಮ ಬದುವಿನ ಮೇಲೆ ಮೂರು ಸುತ್ತು ಹಾಕಿದ ವಿಮಾನರಾಯರಿಗೆ

ಅಂಕಲಿ, ತಾಲೂಕು ಚಿಕ್ಕೋಡಿ

ಮಾನ್ಯ ವಿಮಾನರಾಯರೇ,

ಎರಡು ರೆಕ್ಕೆ, ಮೂರು ಗಾಲಿ, ಮೂತಿಗೊಂದು ಪಂಖಾ ಹಾಗೂ ನಾಲ್ಕು ಊರಿಗೆ ಕೇಳಿಸುವಂಥ ಗಂಟಲು ಹೊಂದಿ ಆಕಾಶಮಾರ್ಗದಲ್ಲಿ ಸಂಚರಿಸುತ್ತಿರುವ ತಮ್ಮ ಘನ ಸನ್ನಿಧಾನಕ್ಕೆ, ಅಂಕಲಿಯ ಕಬ್ಬು ಬೆಳೆಗಾರನೂ, ನಲವತ್ತು ವರ್ಷಗಳಿಂದ ಟ್ರ್ಯಾಕ್ಟರ್ ಹೊಡೆಯುತ್ತಿರುವವನೂ, ಕಳೆದ ಹನ್ನೊಂದು ದಿನಗಳಿಂದ ಊಟ ರುಚಿಸದವನೂ ಆದ ಜಯಪಾಲನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ತಮ್ಮ ಶೆಡ್ಡಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣರೆಂದು ವಿನಯಪೂರ್ವಕವಾಗಿ ತಿಳಿಸಲು ಈ ಕಾಗದ.

ನಾನು ಹನ್ನೊಂದು ದಿನಗಳ ಹಿಂದೆ ತಮ್ಮ ಎಡಗಡೆಯ ಸೀಟಿನಲ್ಲಿ ಒಂದು ತಾಸು ಕುಳಿತಿದ್ದೆ. ಬಿಳಿ ಟೋಪಿ, ಬಿಳಿ ಮೀಸೆ, ನೆನಪಾಗಿರಬೇಕು. ಮೊದಲ ಸಲ ಹಾರುವವರು ಸಾಮಾನ್ಯವಾಗಿ ಖುಷಿಗೆ ಬರುತ್ತಾರಂತೆ. ನಾನು ಬಂದದ್ದು ಬದು ನೋಡಲು.

ನನ್ನ ಹೊಲಕ್ಕೂ ನನ್ನ ತಮ್ಮ ಧನಪಾಲನ ಹೊಲಕ್ಕೂ ನಡುವೆ ಒಂದು ಬದು ಇದೆ. ನಮ್ಮ ಮಾತಿನಲ್ಲಿ ಬಾಂದ. ನಮ್ಮಪ್ಪ ಇಬ್ಬರಿಗೂ ಪಾಲು ಮಾಡಿಕೊಟ್ಟಾಗ ಅದರ ಎರಡು ತುದಿಗೆ ಎರಡು ಕಲ್ಲು ನೆಟ್ಟು, ಮೇಲೆ ಎತ್ತಿನ ಗಾಡಿ ಹೋಗುವಷ್ಟು ಅಗಲ ಬಿಟ್ಟಿದ್ದರು. ಇವತ್ತು ಅದರ ಮೇಲೆ ಒಂದು ಆಡು ನಡೆಯಬೇಕಾದರೂ ಎರಡು ಸಲ ವಿಚಾರ ಮಾಡುತ್ತದೆ. ತಿಂದವನು ಅವನು ಎಂದು ನಾನು, ನಾನು ಎಂದು ಅವನು. ಎಂಟು ವರ್ಷದಿಂದ ಮಾತಿಲ್ಲ. ಅವನು ಮೋಜಣಿಗೆ ಅರ್ಜಿ ಹಾಕಿದ. ಅಳತೆಯ ನೋಟೀಸು ತಂದ ಅಂಚೆಯವನನ್ನು ನಾನು ಬಾಗಿಲಿನಿಂದಲೇ ತಿರುಗಿ ಕಳಿಸಿದೆ. ಕಣ್ಣಿಗೆ ರಾಚುವ ಕಳ್ಳತನಕ್ಕೆ ಸರಪಳಿ ಹಿಡಿದು ಅಳತೆ ಯಾಕೆ ಎಂಬುದು ಆಗ ನನ್ನ ಅಭಿಪ್ರಾಯವಾಗಿತ್ತು.

ಹೀಗಿರಲಾಗಿ ಒಂದು ದಿನ ಚಹಾದಂಗಡಿಯಲ್ಲಿ ನಮ್ಮಿಬ್ಬರಿಗೂ ಹಿರಿಯರಾದ ಭೀಮಗೊಂಡ ಕಾಕಾ ಬೇಸತ್ತು, "ನಿಮ್ಮದು ನೆಲದ ಮ್ಯಾಲ ನಿಂತು ಮುಗಿಯೂ ಜಗಳ ಅಲ್ಲೋ. ಇನ್ನ ಮ್ಯಾಲಿನಿಂದ ನೋಡಾಂವ್ನ ಹೇಳಬೇಕು" ಎಂದು ಕೈ ಝಾಡಿಸಿಬಿಟ್ಟರು. ಕಾಕಾ ಹೇಳಿದ್ದು ದೇವರ ವಿಷಯ. ನನಗೆ ಅದು ಪ್ರಯಾಣದ ವಿಷಯವೆಂದು ತೋರಿತು. ಡ್ರೋನ್ ತರಿಸಬಹುದಿತ್ತು, ಆದರೆ ನಮ್ಮ ಭಾಗದಲ್ಲಿ ಅದನ್ನು ಹಾರಿಸುವವನು ಧನಪಾಲನ ಹೆಂಡತಿಯ ತವರಿನ ಕಡೆಯವನು. ಅಷ್ಟರಲ್ಲಿ ನಮ್ಮ ಅಳಿಯ ವಿಕ್ರಾಂತ ತಾವಿರುವ ವಿಮಾನ ತರಬೇತಿ ಶಾಲೆಯ ಜಾಹೀರಾತನ್ನು ಮೊಬೈಲಿನಲ್ಲಿ ತೋರಿಸಿದ: 'ಮೊದಲ ಹಾರಾಟ, ಒಂದು ತಾಸು, ಪೈಲಟರ ಪಕ್ಕದಲ್ಲಿ ಕುಳಿತು ನೀವೇ ನಡೆಸಿ.' ನಾನು ಚಹಾದಂಗಡಿಯಲ್ಲೇ ಎದ್ದು ನಿಂತು, ಮೇಲೆ ಹೋಗಿ ನೋಡಿಯೇ ಬರುತ್ತೇನೆ ಎಂದು ಸಾರಿದೆ.

ಆಗ ಅಲ್ಲೇ ಆಚೆ ಬೆಂಚಿನ ಮೇಲಿದ್ದ ಧನಪಾಲ ಏನು ಮಾಡಬೇಕಿತ್ತು? ನಗಬೇಕಿತ್ತು. ಕಾಲು ಕೆರೆದು ಜಗಳಕ್ಕೆ ಬರಬೇಕಿತ್ತು. ಅವನು ನನ್ನ ಕಡೆ ನೋಡದೆ ಕಾಕಾನಿಗೆ ಹೇಳಿದ: "ಅಂವಾ ನೋಡಿ ಬಂದು ಏನ್ ಹೇಳ್ತಾನ, ಅದಕ್ಕ ನಂದು ಒಪ್ಪಿಗಿ ಐತಿ. ಸಾಕ್ಷಿ ಬ್ಯಾಡ, ಫೋಟೋ ಬ್ಯಾಡ. ನಮ್ಮಣ್ಣ ಸಿಟ್ಟಿನವ ಇದ್ದಾನ, ಸುಳ್ಳ ಹೇಳಾಂವ ಅಲ್ಲ." ಎಂಥ ದಡ್ಡ, ತಾನಾಗಿಯೇ ಬಲೆಗೆ ಬಿದ್ದ ಎಂದು ನಾನು ಮೀಸೆ ತಿರುವಿಕೊಂಡು ಮನೆಗೆ ಬಂದೆ. ಆ ಮಾತು ಆಮೇಲೆ ನನ್ನನ್ನು ಎಷ್ಟು ಕಾಡಲಿದೆ ಎಂದು ತಿಳಿದಿದ್ದರೆ ಅಲ್ಲೇ ಅವನ ಬಾಯಿ ಮುಚ್ಚಿಸುತ್ತಿದ್ದೆ.

ತಮ್ಮಲ್ಲಿಗೆ ಬಂದ ದಿನ ಸಿಕ್ಕ ಮರ್ಯಾದೆಯನ್ನು ಮರೆಯಲಾರೆ. ಲೆಕ್ಕವಿಲ್ಲದಷ್ಟು ಕಬ್ಬನ್ನು ಕಾಟಾದ ಮೇಲೆ ಹಾಯಿಸಿ, ತೂಕ ಕಡಿಮೆ ಬಂತೆಂದು ಜೀವಮಾನವಿಡೀ ಕೂಗಾಡಿದವನು ನಾನು. ತಮ್ಮವರು ನನ್ನನ್ನೇ ಕಾಟಾದ ಮೇಲೆ ನಿಲ್ಲಿಸಿದರು. ಆಯುಷ್ಯದಲ್ಲಿ ಮೊದಲ ಬಾರಿಗೆ ತೂಕ ಹೆಚ್ಚು ಬಂತು. ತಮ್ಮ ಕ್ಯಾಪ್ಟನ್ ದೀಪಾಲಿ, ನಿಪ್ಪಾಣಿ ಕಡೆಯ ಹೆಣ್ಣುಮಗಳು, ನನ್ನ ಮೊಮ್ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಅಂಕಿ ನೋಡಿ ನಗುತ್ತ, "ಅಡ್ಡಿ ಇಲ್ರಿ ಕಾಕಾ, ಎಣ್ಣಿ ಸ್ವಲ್ಪ ಕಡಿಮಿ ಹಾಕ್ಸೋಣು" ಎಂದಳು. ಆಕಾಶಕ್ಕೆ ಹೋಗುವ ಗಾಡಿಗೆ ಎಣ್ಣೆ ಕಡಿಮೆ ಹಾಕುವ ಧೈರ್ಯ ತಮ್ಮ ಸಂಸ್ಥೆಗಲ್ಲದೆ ಬೇರೆ ಯಾರಿಗೆ ಬಂದೀತು!

ನೆಲದ ಮೇಲೆ ತಮ್ಮನ್ನು ನಡೆಸುವ ಕೆಲಸ ನನಗೇ ಬಂತು. ಮೊದಲ ಸಲ ಬಂದವರೆಲ್ಲ ಕೈಯಲ್ಲಿರುವ ಸ್ಟೇರಿಂಗ್ ತಿರುವಿ ಒದ್ದಾಡುತ್ತಾರಂತೆ. ತಾವು ತಿರುಗುವುದು ಕಾಲಿನಿಂದ. ಎರಡು ಕಾಲಿಗೆ ಎರಡು ಪೆಡಲು ಕಂಡದ್ದೇ ನನಗೆ ಮನೆಗೆ ಬಂದಷ್ಟು ಸಮಾಧಾನವಾಯಿತು, ಯಾಕೆಂದರೆ ಟ್ರ್ಯಾಕ್ಟರಿಗೂ ಎಡಕ್ಕೊಂದು ಬಲಕ್ಕೊಂದು ಬ್ರೇಕು ಬೇರೆ ಬೇರೆ, ಅದನ್ನೇ ಒತ್ತಿ ನಾವು ಹೊಲದ ತುದಿಯಲ್ಲಿ ಗರಕ್ಕನೆ ತಿರುಗುತ್ತೇವೆ. ತಮ್ಮನ್ನು ಹಳದಿ ಗೆರೆಯ ಮೇಲೆ ಒಂದು ಗೇಣೂ ತಪ್ಪದಂತೆ ನಡೆಸಿದೆ. "ಟ್ರ್ಯಾಕ್ಟರ್ ಹೊಡಿತೀರೇನ್ರಿ ಕಾಕಾ? ಭಾರಿ ಕಾಲ ಅದಾವ ನೋಡ್ರಿ ನಿಮ್ಮವು" ಎಂದಳು ದೀಪಾಲಿ. ಆ ಹೊಗಳಿಕೆಗೆ ನಾನು ಎಷ್ಟು ಉಬ್ಬಿದೆನೆಂದರೆ ಸೊಂಟದ ಪಟ್ಟಿ ಬಿಗಿಯಾಯಿತು.

ನೆಲ ಬಿಟ್ಟ ಮೇಲಿನ ಕಥೆ ಬೇರೆ. ಮನಸ್ಸಿನಲ್ಲೇ ಹೇಳುತ್ತಿದ್ದೇನೆಂದುಕೊಂಡು ನಾನು ನಮ್ಮ ಜೈನರ ಣಮೋಕಾರ ಮಂತ್ರ ಶುರುಮಾಡಿದೆ. ಮೂರು ಸಲ ಪೂರ್ತಿಯಾದ ಮೇಲೆ ಕಿವಿಯಲ್ಲಿ ದೀಪಾಲಿಯ ದನಿ ಬಂತು: "ಕಾಕಾ, ಮೈಕ್ ಚಾಲೂ ಐತ್ರಿ. ನಡೀಲಿ, ನನಗೂ ಛಲೋ ಅನಸಾಕತ್ತೈತಿ." ಹಿಡಿಕೆಯನ್ನು ಎರಡು ಬೆರಳಲ್ಲಿ ಹಿಡಿಯಿರಿ, ಎಮ್ಮೆಯ ಹಗ್ಗದಂತೆ ಜಗ್ಗಬೇಡಿ ಎಂದೂ ತಿಳಿಹೇಳಿದಳು. ಮಂತ್ರದ ಬಲವೋ ಅವಳ ಬಲವೋ, ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಕೃಷ್ಣೆ ಹೊಳೆಯುತ್ತಿದ್ದಳು. ಕಬ್ಬು ಕಡಿದ ಹೊಲ, ಕಡಿಯದ ಹೊಲ, ದ್ರಾಕ್ಷಿಯ ಚಪ್ಪರ, ಸಾಲಾಗಿ ನಿಂತ ಗಾಡಿಗಳು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಬದು ಮರೆತೇಹೋಗಿ, ಇಷ್ಟು ಚಂದದ ಊರಿನಲ್ಲಿ ಹುಟ್ಟಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ತಾವು ಅಲ್ಲಿಗೇ ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ಸಾವಿರ ಅಡಿಯ ಎತ್ತರದಲ್ಲಿ, ಮದುವೆ ಮೆರವಣಿಗೆಯ ನಿಧಾನದಲ್ಲಿ, ಎಡಗಡೆಯ ರೆಕ್ಕೆ ತಗ್ಗಿಸಿ ನಮ್ಮ ಹೊಲವನ್ನು ನನ್ನ ಮೂಗಿನ ಕೆಳಗೇ ತಂದು ಹಿಡಿದಿರಿ. ನನ್ನ ಕಬ್ಬು ಕಟಾವಾಗಿ ಒಣ ಗರಿಯ ರವದಿ ಹಳದಿಯಾಗಿ ಬಿದ್ದಿತ್ತು. ಧನಪಾಲನದು ಇನ್ನೂ ಹಸಿರು ನಿಂತಿತ್ತು. ನಡುವಿನ ಗೆರೆ ಕುರುಡನಿಗೂ ಕಾಣುವಂತಿತ್ತು. ಅಪ್ಪ ನೆಟ್ಟ ಎರಡು ಕಲ್ಲೂ ತಮ್ಮ ತಮ್ಮ ಜಾಗದಲ್ಲಿದ್ದವು. ಬದು ಮಾತ್ರ ಮೊದಲ ಕಲ್ಲಿನಿಂದ ಹೊರಟು, ನನ್ನ ಪಂಪಿನ ಮನೆಯ ಎದುರಿಗೆ ಬರುತ್ತಲೇ ಹೊಟ್ಟೆ ಉಬ್ಬಿಸಿ, ಮುಂದೆ ಮೆಲ್ಲಗೆ ಒಳಸರಿದು, ಏನೂ ಅರಿಯದ ಸಂಭಾವಿತನ ಹಾಗೆ ಎರಡನೇ ಕಲ್ಲಿಗೆ ಹೋಗಿ ಸೇರಿತ್ತು. ಹೊಟ್ಟೆ ಉಬ್ಬಿದ್ದು ಧನಪಾಲನ ಕಡೆಗೆ.

ಬೆಳಕಿನ ದೋಷವಿರಬೇಕೆಂದು ಇನ್ನೊಂದು ಸುತ್ತು ಹಾಕಿಸಿದೆ. ಆ ಬದಿಯಿಂದ ನೋಡಿದರೆ ಬೇರೆ ಕಾಣಬಹುದೆಂದು ಮೂರನೆಯದನ್ನೂ ಹಾಕಿಸಿದೆ. "ಆ ಕಡಿಂದ ನೋಡಿದ್ರೂ ಅದ ಹೊಲಾನ ಅಲ್ರಿ ಕಾಕಾ" ಎಂದ ದೀಪಾಲಿ, ಹೊಲ ಯಾರದೆಂದು ತಿಳಿಯದೆ ಬಗ್ಗಿ ನೋಡಿ, "ಅಯ್ಯ, ಯಾರೋ ಬಾಜೂದವ್ರ ಹೊಲಾ ಹೆಂಗ ತಿಂದಾರ ನೋಡ್ರಿ! ಎಂಥಾ ಹೊಟ್ಟಿಬಾಕ ಮಂದಿ ಇರ್ತಾರಲ್ರಿ!" ಎಂದು ಮರುಗಿದಳು. "ಹೌದವ್ವಾ, ಇರ್ತಾರ" ಎಂದೆ. ಮೈಕು ಚಾಲೂ ಇತ್ತು.

ಈಗ ನನ್ನ ತಕರಾರಿಗೆ ಬರುತ್ತೇನೆ. ತಮ್ಮ ಕಿಟಕಿಯ ಗಾಜು ಮಿತಿಮೀರಿ ಸ್ವಚ್ಛವಾಗಿದೆ. ಬಸ್ಸಿನ ಕಿಟಕಿಯಂತೆ ಅರ್ಧ ಕೆಸರು, ಅರ್ಧ ಜಾಹೀರಾತು ಇದ್ದಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ. ಇನ್ನು ತಮ್ಮ ವೇಗ. ವಿಮಾನವೆಂದ ಮೇಲೆ ಸರ್ರನೆ ಹೋಗಬೇಕು, ನಿಂತು ನಿಂತು ತೋರಿಸುವುದು ಯಾವ ಸೀಮೆಯ ಪದ್ಧತಿ? ಪಂಪಿನ ಮನೆಯ ಮುಂದೆ ಟ್ರ್ಯಾಕ್ಟರ್ ತಿರುಗಿಸುವಾಗ ಪ್ರತಿ ವರ್ಷ ನನ್ನ ಬಲಗಾಲು ಎಡಗಡೆಯ ಬ್ರೇಕನ್ನು ಸ್ವಲ್ಪ ತಡವಾಗಿ ಒತ್ತುತ್ತಿದ್ದದ್ದೂ, ಹಿಂದೆ ಮಣ್ಣು ಕೊಚ್ಚುವ ರೋಟಾವೇಟರು ಒಂದು ಗೇಣು ಬದುವಿನೊಳಗೆ ಹೋಗುತ್ತಿದ್ದದ್ದೂ, ಹೋಗಲಿ ಬಿಡು ಒಂದೇ ಗೇಣು ಎಂದು ನಾನು ಮುಂದೆ ಸಾಗುತ್ತಿದ್ದದ್ದೂ ನನಗೂ ಆ ಕಾಲಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷದ ಗೇಣುಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ನೋಟದಲ್ಲಿ ತೋರಿಸುವ ಅಧಿಕಾರವನ್ನು ತಮಗೆ ಕೊಟ್ಟವರು ಯಾರು?

ಆದಕಾರಣ ತಾವು ದಯವಿಟ್ಟು ಆ ದಿನ ಅಂಕಲಿಯ ಮೇಲೆ ದಟ್ಟ ಮೋಡವಿತ್ತೆಂದು ಒಂದು ಪ್ರಮಾಣಪತ್ರ ಕೊಡಬೇಕು. ಫೆಬ್ರವರಿಯಲ್ಲಿ ಮೋಡ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಅದಕ್ಕೂ ತಾವೇ ಉತ್ತರಿಸಬೇಕು. ಅದಾಗದಿದ್ದರೆ, ತಾವೇ ಒಂದು ದಿನ ಧನಪಾಲನ ಮಾಳಿಗೆಯ ಮೇಲೆ ಇಳಿದು ಅವನಿಗೆ ಎಲ್ಲವನ್ನೂ ತಿಳಿಸಿ ಹೋಗಬೇಕು. ಚಹಾ ಕೊಡುತ್ತಾರೆ. ಅವನ ಹೆಂಡತಿ ಏಲಕ್ಕಿ ಜಜ್ಜಿ ಹಾಕಿ ಬಹಳ ಚೆನ್ನಾಗಿ ಮಾಡುತ್ತಾಳೆ. ನಾನು ಕುಡಿದು ಎಂಟು ವರ್ಷವಾಯಿತು.

ಇಷ್ಟು ದೊಡ್ಡ ಬೇಡಿಕೆ ಯಾಕೆಂದರೆ, ಆ ಸಂಜೆ ನಾನು ಊರಿಗೆ ಮರಳಿದಾಗ ಧನಪಾಲ ನಮ್ಮ ಅಂಗಳದ ಹೊರಗೆ ನಿಂತಿದ್ದ. ಬದುವಿನ ಮಾತು ತೆಗೆಯುತ್ತಾನೆ, ಇವನಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಅವನು ಬದುವಿನ ಹೆಸರೇ ಎತ್ತಲಿಲ್ಲ. ಎಂಟು ವರ್ಷದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು, "ಅಣ್ಣಾ, ಹುಷಾರ ಇಳದಿ?" ಎಂದು. ಮಧ್ಯಾಹ್ನದಿಂದ ಅಲ್ಲೇ ನಿಂತಿದ್ದನೆಂದು ನನ್ನ ಹೆಂಡತಿ ಶೇವಂತಾ ಆಮೇಲೆ ಹೇಳಿದಳು. ಅವನಿಗೆ ನಾನು ಕೊಟ್ಟ ಉತ್ತರ, "ಮೋಡ ಇತ್ತು. ಏನೂ ಕಾಣಲಿಲ್ಲ." ಅವನು ತಲೆಯೆತ್ತಿ ಆಕಾಶ ನೋಡಿದ. ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. "ಇರ್ಲಿ ಬಿಡು. ನೀ ಬಂದೆಲ್ಲಾ" ಎಂದು ಮನೆಗೆ ಹೋದ. ಥೂ ನನ್ನ ಜನ್ಮವೇ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಿಮಾನರಾಯರೇ, ನಮ್ಮ ಕಡೆ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಒಂದು ಪದ್ಧತಿಯಿದೆ. ಇವನು ತನ್ನ ಎಮ್ಮೆಯನ್ನು ಎದುರಿಗೆ ನಿಲ್ಲಿಸಿಕೊಂಡು, "ನಾಳೆ ನೀರಿನ ಪಾಳಿ ನಮ್ಮದೈತಿ, ತಿಳೀತೇನ?" ಎಂದು ಅದಕ್ಕೆ ಜೋರಾಗಿ ಹೇಳುತ್ತಾನೆ, ಅವನು ಬದುವಿನ ಆಚೆ ಕೇಳಿಸಿಕೊಳ್ಳುತ್ತಾನೆ. ನಾವೂ ಎಂಟು ವರ್ಷ ಸಂಸಾರ ನಡೆಸಿದ್ದು ಹಾಗೆಯೇ. ಆದರೆ ಈ ಮಾತನ್ನು ಎಮ್ಮೆಗೆ ಹೇಳಲು ನಾಚಿಕೆಯಾಯಿತು, ಆದ್ದರಿಂದ ತಮಗೆ ಹೇಳುತ್ತಿದ್ದೇನೆ. ಈ ಕಾಗದ ನಮ್ಮ ಕಡೆಯ ದಿನಪತ್ರಿಕೆಯಲ್ಲಿ ಅಚ್ಚಾಗುವಂತೆ ಏರ್ಪಾಡು ಮಾಡಿದ್ದೇನೆ. ಚಹಾದಂಗಡಿಯಲ್ಲಿ ದಿನಾ ಆ ಪತ್ರಿಕೆಯನ್ನು ಹತ್ತು ಮಂದಿಗೆ ಗಟ್ಟಿಯಾಗಿ ಓದಿ ಹೇಳುವವನು ಧನಪಾಲನೇ. ಮೋಡ ಇರಲಿಲ್ಲ. ಎಲ್ಲ ಕಂಡಿತು. ಬದು ತಿಂದವನು ನಾನು. ಇದನ್ನು ಅವನು ತನ್ನ ಬಾಯಿಂದಲೇ ಓದಲಿ, ಊರು ಕೇಳಲಿ.

ಬರುವ ರವಿವಾರ ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಗ್ಗ ಎಳೆದು ಹೊಸ ಬದು ಹಾಕುತ್ತೇನೆ, ಗಾಡಿ ಹೋಗುವಷ್ಟು ಅಗಲ, ಪೂರ್ತಿ ನನ್ನ ಕಡೆಯ ಮಣ್ಣಿನಿಂದ. ಹಗ್ಗ ತಂದಿಟ್ಟಿದ್ದೇನೆ. ಒಂದು ತುದಿ ನಾನು ಹಿಡಿದು ನಿಲ್ಲುತ್ತೇನೆ, ಇನ್ನೊಂದಕ್ಕೆ ಒಬ್ಬರು ಬೇಕು. ಶೇವಂತಾ ತಾನು ಹಿಡಿಯುತ್ತೇನೆ ಎಂದಳು. ಬೇಡ ಎಂದಿದ್ದೇನೆ.

ತಮ್ಮ ಉಪಕಾರವನ್ನು ಈ ಜನ್ಮದಲ್ಲಿ ಕ್ಷಮಿಸಲಾರದ,
ತಮ್ಮ ವಿಶ್ವಾಸಿ,
ಜಯಪಾಲ

ತಾ.ಕ.: ತಿರುಗಿ ಬರುವಾಗ ಭೀಮಗೊಂಡ ಕಾಕಾನ ಹೊಲವೂ ತಮ್ಮ ರೆಕ್ಕೆಯ ಕೆಳಗೆ ಹಾಯ್ದುಹೋಯಿತು. ನಮ್ಮಿಬ್ಬರ ನ್ಯಾಯ ಮಾಡುತ್ತ ಬಂದ ಕಾಕಾನ ಕಬ್ಬು ಸರ್ಕಾರಿ ಹಾದಿಯಲ್ಲಿ ಅರ್ಧದಷ್ಟು ದಾಟಿ ಬಂದು ನಿಂತಿದೆ, ಸಮೃದ್ಧವಾಗಿದೆ. ಅವರ ಹೆಸರಿನಲ್ಲೂ ಒಂದು ತಾಸಿನ ಹಾರಾಟ ಕಾಯ್ದಿರಿಸಬೇಕೆಂದು ವಿನಂತಿ. ಗಾಜು ಒರೆಸಿಡಿ.