ಯಾವ ಬಾವಿ ನೀರು ಎನ್ನುವ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ಅವರವರು ನೀರು ಸೇದುವ ಬಾವಿ ಮಾತ್ರ ಮರೆಯುತ್ತಿರಲಿಲ್ಲ! ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯುವುದು ಅವರ ಕೆಲಸ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಸೀಮೆಗೆ ಕಾಮಾಲೆ ಹರಡಿತು ನೋಡಿ, ಮಾವನಿಗೆ ಹೊಸ ಹುಚ್ಚು ಹಿಡಿಯಿತು. ರಕ್ತ ಕೊಡಲು ಬಂದ ಪ್ರತಿಯೊಬ್ಬರದೂ ಒಂದಿಷ್ಟನ್ನು ಗಾಜಿನ ಕೊಳವೆಯಲ್ಲಿ ಬೇರೆ ಇಡುವುದು, ಅದರ ಮೇಲೆ ಬಾವಿಯ ಹೆಸರು ಬರೆಯುವುದು, ಹೆಪ್ಪುಗಟ್ಟಿದ ಮೇಲೆ ನಿಂತ ತಿಳಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು. ತಿಳಿ ಅರಿಶಿನದ ನೀರಿನಂತಿದ್ದರೆ ಆ ಬಾವಿಯ ಮೇಲೆ ಅನುಮಾನ.

"ಕಣ್ಣು ಹಳದಿ ಆಗಾದು ಆಮ್ಯಾಲೆ ಕಣಲೇ. ರಕ್ತ ಮೊದ್ಲೇ ಹೇಳತೈತೆ" ಎನ್ನುತ್ತಿದ್ದರು.

ನನಗೆ ಹೆಣ್ಣು ನೋಡಲು ಹೊಳಲ್ಕೆರೆಗೆ ಹೋದಾಗ ಎಲ್ಲರೂ ಜಾತಕ ಕೇಳಿದರೆ ಇವರು ಬಾವಿ ಕೇಳಿದರು. ಕಾಫಿ ಕುಡಿದರು, ನೀರಿನ ಲೋಟ ಮುಟ್ಟಲಿಲ್ಲ. ಹೊರಡುವಾಗ ಹುಡುಗಿಯ ಅಪ್ಪನಿಗೆ, "ಹುಡುಗಿ ಒಪ್ಪಿಗೆ ಐತ್ರಿ, ಬಾವಿ ಒಪ್ಪಿಗೆ ಇಲ್ಲ" ಎಂದರು. ಸಂಬಂಧ ಅಲ್ಲಿಗೇ ಮುರಿಯಿತು!

ನಮ್ಮ ಮನೆಗೆ ಬಂದರೂ ಅಷ್ಟೆ. ಕುಡಿಯುವ ನೀರು ಇಪ್ಪತ್ತು ನಿಮಿಷ ಕುದಿಯಬೇಕು. ಸೌದೆ ಯಾರಪ್ಪನದು? ನಾನು ಸುಮ್ಮನೆ ಬೆಚ್ಚಗೆ ಮಾಡಿ, ಕುದಿಸಿದ್ದೇನೆಂದು ಕೊಡುತ್ತಿದ್ದೆ.

ಅದೇ ಬೇಸಿಗೆಯಲ್ಲಿ ನೆರೆಯವರೊಬ್ಬರ ಆಪರೇಷನ್ನಿಗೆ ರಕ್ತ ಕೊಡಲು ಹಿರಿಯೂರು ಕಡೆಯ ನಮ್ಮ ಹಳ್ಳಿಯಿಂದ ನಾಲ್ವರು ದುರ್ಗಕ್ಕೆ ಹೋದೆವು. ನಾಲ್ವರದೂ ಒಂದೇ ಬಾವಿ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಮಾವ ನಮ್ಮ ಬಾಗಿಲಲ್ಲಿ. ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನಿಗೆ ಆಗ ಎಂಟು ತಿಂಗಳು.

"ನಾಲ್ಕರಾಗೆ ಒಂದು ಕೊಳವೆ ಹಳದಿ ಐತೆ. ಬಸುರೀರಿಗೆ ಈ ಕಾಮಾಲೆ ಬಂದ್ರೆ ಜೀವಕ್ಕೇ ಅಪಾಯ. ಏಳಮ್ಮ, ದುರ್ಗಕ್ಕೆ ಹೋಗಾಣ" ಎಂದರು.

ಅವ್ವ ಜಗಳವಾಡಿದಳು. ತವರಿನ ಹೆರಿಗೆ ತಪ್ಪಿಸುವುದುಂಟೆ? ಮಾವ ಕೇಳಲಿಲ್ಲ, ಅಕ್ಕನನ್ನು ಕರೆದುಕೊಂಡೇ ಹೋದರು.

"ಯಾರ್ದು ಮಾವ ಆ ಕೊಳವೆ?" ಎಂದು ನಾನು ಎಷ್ಟು ಪೀಡಿಸಿದರೂ ಅವರದು ಒಂದೇ ಉತ್ತರ: "ಬಾವೀದು."

ನಮ್ಮ ಜೊತೆ ರಕ್ತ ಕೊಟ್ಟಿದ್ದ ಎದುರುಮನೆಯ ಪೈಲ್ವಾನನದೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಎರಡು ವಾರದಲ್ಲಿ ನಮ್ಮ ಬೀದಿಯ ಅರ್ಧ ಜನ ಹಳದಿಯಾದರು, ಪೈಲ್ವಾನ, ನಾನು ಎಲ್ಲರೂ. ದುರ್ಗದಲ್ಲಿ ಅಕ್ಕ ಸುಖವಾಗಿ ಗಂಡು ಹೆತ್ತಳು.

ಮಾವ ನಿವೃತ್ತರಾದ ಮೇಲೆ ಒಮ್ಮೆ ಅವರ ಪೆಟ್ಟಿಗೆ ಜೋಡಿಸಿಕೊಡುವಾಗ ಆ ಕೊಳವೆಗಳ ಲೆಕ್ಕ ಬರೆದಿಟ್ಟ ನೋಟ್‌ಪುಸ್ತಕವೊಂದು ಸಿಕ್ಕಿತು. ಪುಟದ ತುಂಬ ಬಾವಿಗಳೇ, ಮನುಷ್ಯರ ಹೆಸರೇ ಇಲ್ಲ. ನಮ್ಮ ಬಾವಿಯ ಸಾಲಿನಲ್ಲಿ ಮಾತ್ರ ಒಂದು ಹೆಸರಿತ್ತು. ನನ್ನದು. ಪಕ್ಕದಲ್ಲಿ ಸಣ್ಣ ಅಕ್ಷರ: 'ಹಳದಿ. ಬಸುರಿ ಅಕ್ಕ ಇರೋ ಮನೆ. ಗೊತ್ತಾದರೆ ಹುಡುಗ ನೊಂದುಕೊಳ್ಳುತ್ತಾನೆ. ಹೇಳಬಾರದು.'

ಇಷ್ಟು ವರ್ಷ ಆಡಿಕೊಂಡು ನಕ್ಕಿದ್ದಕ್ಕೆ ನಾಚಿಕೆಯಾಯಿತು. ಪುಸ್ತಕವನ್ನು ಇದ್ದಲ್ಲೇ ಇಟ್ಟೆ.

ಹೊರಗೆ ಜಗಲಿಯಿಂದ ಮಾವ ಕೂಗಿದರು: "ಲೇ, ಕುಡಿಯಾಕೆ ಒಂದು ಲೋಟ ನೀರು ಕೊಡೋ. ಕುದಿಸಿದ್ದು."

ಒಲೆಯ ಮುಂದೆ ಕೂತು, ಗಡಿಯಾರ ನೋಡಿಕೊಂಡು, ಪೂರ್ತಿ ಇಪ್ಪತ್ತು ನಿಮಿಷ ಕುದಿಸಿದೆ.