ಬೀಗರ ಸ್ನಾನವೂ ನಮ್ಮ ಗ್ಯಾಸ್ ಗೀಸರೂ

ಯಂತ್ರವೊಂದು ಕೆಟ್ಟು ನಿಂತಾಗ ಮನೆಯ ಗಂಡಸು ಅದರೆದುರು ಸೊಂಟದ ಮೇಲೆ ಕೈಯಿಟ್ಟು ನಿಲ್ಲಲೇಬೇಕೆಂಬ ಕಾನೂನನ್ನು ಯಾರು ಮಾಡಿದರೋ! ನಾನಂತೂ ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ. ಕೊಪ್ಪಳದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನನಗೆ ದೊಡ್ಡ ದೊಡ್ಡ ಸಾಮ್ರಾಜ್ಯಗಳು ಯಾಕೆ ಬಿದ್ದವೆಂದು ಗೊತ್ತು. ಮಿಕ್ಸರ್ ಯಾಕೆ ನಿಂತಿತೆಂದು ಗೊತ್ತಿಲ್ಲ. ಆದರೂ ಅದನ್ನೆತ್ತಿ, ಅಲುಗಾಡಿಸಿ, ‘ಹೂಂ’ ಎಂದು ಕೆಳಗಿಡುತ್ತೇನೆ. ಆ ‘ಹೂಂ’ ಕಿವಿಗೆ ಬಿದ್ದ ಕೂಡಲೇ ನನ್ನ ಹೆಂಡತಿ ಗಿರಿಜಾ ರಿಪೇರಿಯವನಿಗೆ ಫೋನ್ ಹಚ್ಚುತ್ತಾಳೆ.

ಮಗಳ ಮದುವೆ ನಿಶ್ಚಯವಾದ ಮೇಲೆ ಸಿದ್ದಾಪುರದ ಬೀಗರು ಮೊದಲ ಸಲ ನಮ್ಮಲ್ಲಿ ವಸ್ತಿ ಬಂದಿದ್ದರು. ಬೆಳಿಗ್ಗೆ ಸ್ನಾನ ಮುಗಿಸಿ ಎಲ್ಲರೂ ದೇವಿಯ ದರ್ಶನಕ್ಕೆ ಹುಲಿಗಿಗೆ ಹೊರಡಬೇಕು. ಚಳಿಗಾಲ ಬೇರೆ, ಮಾಳಿಗೆಯ ಟ್ಯಾಂಕಿನ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಬೀಗರು ಬಚ್ಚಲಿಗೆ ಹೋದರು. ಅವರು ಹೊರಬಂದಾಗ ನಾನು ಕೆಲಸಗಾರನಂತೆ ಕಾಣಲಿ ಎಂದು ಹಿತ್ತಲಲ್ಲಿ ಪೈಪ್ ಹಿಡಿದು ಗಿಡಗಳಿಗೆ ನೀರು ಬಿಡತೊಡಗಿದೆ. ಸ್ವಲ್ಪ ಹೊತ್ತಿಗೆ ಬಚ್ಚಲ ಗವಾಕ್ಷಿಯಿಂದ ಬಹಳ ಮರ್ಯಾದೆಯ ಧ್ವನಿಯೊಂದು ಬಂತು.

“ಬೀಗರ, ಬಿಸಿನೀರು ಬಂದ್ ಆಗ್ಯಾವ್ರಿ. ಮೈತುಂಬ ಸಾಬಾಣ ಐತಿ.”

ಪೈಪನ್ನು ದಾಸವಾಳದ ಬುಡಕ್ಕೆ ಎಸೆದು ಓಡಿದೆ. ಗೀಸರ್ ಇರುವುದು ಬಚ್ಚಲ ಹೊರಗೋಡೆಯ ಮೇಲೆ. ಸ್ಟೂಲ್ ಹತ್ತಿ ಅದರೆದುರು ನಿಂತೆ. ಒಳಗೆ ಬೀಗರು ನಳ ತಿರುಗಿಸಿದಾಗಲೆಲ್ಲ ಅದು ಕಟ್ ಕಟ್ ಎನ್ನುವುದು, ಸುಮ್ಮನಾಗುವುದು. ಕಿಡಿ ಕೊಡುವ ಸೆಲ್ ಸತ್ತಿರಬೇಕೆಂದು ಟಾರ್ಚಿನ ಸೆಲ್ ತೆಗೆದು ಅದಕ್ಕೆ ಹಾಕಿದೆ. ಸಿಲಿಂಡರ್ ಎತ್ತಿ ನೋಡಿದೆ. ಗ್ಯಾಸ್ ಅಲ್ಲ, ನನ್ನ ಸೊಂಟ ಖಾಲಿಯಾಯಿತು. ನೀರಿನ ಲೈನಿನಲ್ಲೇ ಏನೋ ಸಿಕ್ಕಿರಬೇಕೆಂದು ಅಡುಗೆಮನೆಯ ನಳ ಬಿಟ್ಟು ನೋಡಿದೆ, ಕೈತೊಳೆಯುವ ನಳವನ್ನೂ ಬಿಟ್ಟೆ. ಎಲ್ಲ ಕಡೆಯೂ ನೀರು ಬರುತ್ತಿತ್ತು. ಹೀಗೆ ಒಂದೊಂದೇ ತಪಾಸಣೆ ಮುಗಿದಂತೆ ಗೀಸರಿನ ಕಟ್ ಕಟ್ ಕೂಡ ನಿಂತುಹೋಯಿತು. ಒಳಗೆ ಬೀಗರು ದೇವರ ನಾಮ ಶುರುಮಾಡಿದ್ದರು; ಅದು ಭಕ್ತಿಯೋ ನಡುಕವೋ ತಿಳಿಯುವಂತಿರಲಿಲ್ಲ. ಸಂಬಂಧವೇ ತಣ್ಣಗಾಗುತ್ತದೆಂದು ನನಗೆ ಬೆವರು ಬಂತು.

ಅಷ್ಟರಲ್ಲಿ ಗಿರಿಜಾ ಅಡುಗೆಮನೆಯ ನಳ ತಿರುವಿ, ಕೈತೊಳೆಯುವ ನಳ ತಿರುವಿ, ಹಿತ್ತಲಿಗೆ ಬಂದು ಪೈಪಿನ ನಳವನ್ನೂ ತಿರುವಿ ಬಂದ್ ಮಾಡಿದಳು.

“ನೀರೆಲ್ಲಾ ರಸ್ತಾಕ್ಕ ಹೊಂಟಾವು. ಹಿಂಗ ಎಲ್ಲಾ ನಳ ಬಿಟ್ಟ್ರ ಒಳಗ ಅವರಿಗೆ ಎಲ್ಲಿಂದ ಬರಬೇಕ್ರಿ?” ಎಂದಳು.

ಅವಳ ಮಾತು ಮುಗಿಯುವ ಮೊದಲೇ ಗೀಸರ್ ಭಗ್ ಎಂದು ಹೊತ್ತಿಕೊಂಡಿತು. ನೀರು ಜೋರಾಗಿ ಹರಿದರೆ ಮಾತ್ರ ಹೊತ್ತುವ ಜಾತಿ ಅದು. ಮೊದಲು ನನ್ನ ಪೈಪು, ಆಮೇಲೆ ನನ್ನ ತಪಾಸಣೆ ಅದರ ಉಸಿರು ಕಟ್ಟಿಸಿದ್ದವು.

“ಭಾಳ ಛಲೋ ಆತ್ರಿ ಬೀಗರ. ನಿಮ್ಮ ಕೈಗುಣ ದೊಡ್ಡದು,” ಎಂದಿತು ಗವಾಕ್ಷಿ.

ನಾನು ಗಿರಿಜಾಳನ್ನು ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಹುಲಿಗಿಯಲ್ಲಿ ದರ್ಶನಕ್ಕೆ ಪಾಳಿ ನಿಂತಾಗ ಬೀಗರು ಗುರುತಿಲ್ಲದವರಿಗೂ ನನ್ನ ವಿದ್ಯೆಯನ್ನು ವರ್ಣಿಸಿದರು. ನಾನು ವಿನಯದಿಂದ ತಲೆ ಬಗ್ಗಿಸಿದೆ. ನಿಜ ಹೇಳಲು ದೇವಸ್ಥಾನ ಸರಿಯಾದ ಜಾಗವೆಂದು ಅನ್ನಿಸಲಿಲ್ಲ.

ಕಳೆದ ವಾರ ಸಿದ್ದಾಪುರದಿಂದ ಫೋನ್ ಬಂತು. ತಮ್ಮ ಮನೆಯ ಗೀಸರೂ ಹತ್ತವಲ್ದು, ಏನಾಗಿದೆ ಹೇಳಿರೆಂದರು ಬೀಗರು. ಫೋನನ್ನು ಅದರ ಹತ್ತಿರ ಹಿಡಿಯಲು ಹೇಳಿ ಕಣ್ಣು ಮುಚ್ಚಿ ಆಲಿಸಿದೆ. ಆ ಕಡೆಯಿಂದ ಕಟ್ ಕಟ್ ಶಬ್ದ ಸ್ಪಷ್ಟವಾಗಿ ಕೇಳಿತು. ನೀರಿನ ಜೋರು ಸಾಲದು, ಉಳಿದ ನಳ ಬಂದ್ ಮಾಡಿಸಿರೆಂದು ವೈದ್ಯರ ಗತ್ತಿನಲ್ಲಿ ಹೇಳಿದೆ.

ಬೀಗರು ಸಂಕೋಚದಿಂದ ಹೇಳಿದರು: “ಇನ್ನಾ ಗೀಸರ್ ಹತ್ರ ಹೋಗಿಲ್ರಿ. ಇಲ್ಲಿ ನಮ್ಮಾಕಿ ಅಡಕಿ ಕತ್ತರಸಾಕತ್ತಾಳ್ರಿ.”

ನಾನು ‘ಹೂಂ’ ಎಂದೆ.